ಏಳಡಿ ಹಾವು ಮನೆಗೆ ಬರುವ ಮುನ್ನ

ಆಷಾಢದ ಒಂದು ರಾತ್ರಿ. ಕಾರವಾರದಲ್ಲಿ ಬೆಳಗಿನಿಂದ ಹಿಡಿದ ಮಳೆ ಬಿಟ್ಟಿರಲಿಲ್ಲ. ಫ್ರೀಜರ್‌ನಿಂದ ತೆಗೆದ ಇಲಿಯನ್ನು ಬಿಸಿನೀರಿನಲ್ಲಿ ಕರಗಲು ಇಟ್ಟೆ. ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಅಷ್ಟರಲ್ಲಿ ನೀರಿನ ಬೋಗುಣಿ ಬದಲಿಸೋಣವೆಂದು ನಾನು ಸಾಕಿದ ಬೋವಾ ಹಾವಿನ (ಹೆಬ್ಬಾವಿನಂತೆ ಬೇಟೆಯನ್ನು ಸುತ್ತಿ ಹಿಡಿಯುವ, ವಿಷವಿಲ್ಲದ ವಿದೇಶಿ ಹಾವು) ಪೆಟ್ಟಿಗೆಯ ಗಾಜು ಸರಿಸಿದೆ. ಕೈಗೆ ಇಲಿಯ ವಾಸನೆ ಇನ್ನೂ ಅಂಟಿಕೊಂಡಿತ್ತು. ನೋಡನೋಡುತ್ತಿದ್ದಂತೆ ಹೆಬ್ಬೆರಳಿನ ಬುಡದಲ್ಲಿ ಹಲ್ಲು ನೆಟ್ಟಿತ್ತು, ಮೊಣಕೈವರೆಗೆ ಮೂರು ಸುತ್ತು ಬಿದ್ದಿತ್ತು. ಆರಡಿಯ ಹೆಣ್ಣು ಹಾವು ಅದು. ಬೆರಳುಗಳು ಜೋಮು ಹಿಡಿದು ಬಣ್ಣ ಬದಲಿಸತೊಡಗಿದಾಗ ಅತ್ತಿಗೆಯನ್ನು ಕೂಗಿದೆ. ಅವರು ಬಂದವರೇ ತಲೆಯ ಕಡೆ ಕೈ ಹಾಕದೆ, ಬಾಲದ ತುದಿ ಹಿಡಿದು ಒಂದೊಂದೇ ಸುತ್ತು ಬಿಚ್ಚಿದರು. ಆಮೇಲೆ ಹಾವಿನ ಬಾಯಿಯ ಮೇಲೆ ತಣ್ಣೀರು ಸುರಿದೆವು. ತಾನಾಗಿಯೇ ಬಿಟ್ಟಿತು. ಬೋವಾದ ಹಲ್ಲುಗಳು ಒಳಕ್ಕೆ ಬಾಗಿರುತ್ತವೆ. ಕೈ ಎಳೆದುಕೊಂಡಿದ್ದರೆ ನನ್ನ ಚರ್ಮ ಹರಿಯುತ್ತಿತ್ತು, ಅದರ ಹಲ್ಲೂ ಮುರಿಯುತ್ತಿತ್ತು. ಗಾಯವನ್ನು ಸಾಬೂನಿನಲ್ಲಿ ತೊಳೆದು, ಮುರಿದ ಹಲ್ಲು ಒಳಗೆ ಉಳಿದಿಲ್ಲವೆಂದು ನೋಡಿಕೊಂಡು, ಮರುದಿನ ಟಿಟಿ ಚುಚ್ಚುಮದ್ದು ಹಾಕಿಸಿಕೊಂಡೆ.

ಇದೇ ತಪ್ಪನ್ನು ಮೂರಡಿಯ ಬಾಲ್ ಪೈಥಾನ್ (ಆಫ್ರಿಕಾದ ಚಿಕ್ಕ ಹೆಬ್ಬಾವು) ಜೊತೆ ಮಾಡಿದ್ದರೆ ನಾಲ್ಕು ಗೀರು ಬಿದ್ದು ಮುಗಿಯುತ್ತಿತ್ತು. ಚಿಕ್ಕ ಹಾವು ನಮ್ಮ ತಪ್ಪುಗಳನ್ನು ಸಹಿಸಿಕೊಳ್ಳುತ್ತದೆ, ದೊಡ್ಡ ಹಾವಿನ ಹತ್ತಿರ ಆ ರಿಯಾಯಿತಿ ಇಲ್ಲ. ಒಂದೆರಡು ವರ್ಷ ಕಾರ್ನ್ ಸ್ನೇಕ್, ಬಾಲ್ ಪೈಥಾನ್ ಇಂಥ ಚಿಕ್ಕ ಹಾವು ಸಾಕಿ, ಈಗ ಇನ್ನೂ ದೊಡ್ಡದೊಂದು ಬೇಕು ಎನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹುಟ್ಟಿದ್ದು ಶಿರಸಿಯ ಹತ್ತಿರದ ಹಳ್ಳಿಯಲ್ಲಿ, ಈಗಿರುವುದು ಕಾರವಾರದಲ್ಲಿ. ಹೀಗಾಗಿ ಘಟ್ಟದ ಮೇಲಿನ ಚಳಿ, ಕೆಳಗಿನ ಸೆಕೆ ಎರಡರಲ್ಲೂ ಹಾವು ಸಾಕಿ ನೋಡಿದ್ದೇನೆ.

ಮೊದಲ ಹೆಜ್ಜೆ: ಎರಡನೇ ಜೋಡಿ ಕೈ

ಹಾವನ್ನು ಆರಿಸುವ ಮೊದಲು ಮನೆಯಲ್ಲಿ ಒಬ್ಬರನ್ನು ಆರಿಸಿಕೊಳ್ಳಿ. ಆರಡಿ ದಾಟಿದ ಹಾವನ್ನು ಹೊರತೆಗೆಯುವಾಗ, ಊಟ ಕೊಡುವಾಗ ಇನ್ನೊಬ್ಬ ವಯಸ್ಕರು ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿರಬೇಕು. ಅವರು ಹಾವನ್ನು ಪ್ರೀತಿಸಬೇಕಾಗಿಲ್ಲ, ಮುಟ್ಟಲು ಹೆದರದಿದ್ದರೆ ಸಾಕು. ನನ್ನ ಅತ್ತಿಗೆಗೆ ಇವತ್ತಿಗೂ ಹಾವೆಂದರೆ ಅಷ್ಟಕ್ಕಷ್ಟೆ. ಆದರೆ ಬೋವಾ ತರುವ ತಿಂಗಳ ಮೊದಲೇ ಬಾವಿಯ ದಪ್ಪ ಹಗ್ಗವನ್ನು ನನ್ನ ತೋಳಿಗೆ ಬಿಗಿಯಾಗಿ ಸುತ್ತಿಸಿಕೊಂಡು, ಬಾಲದ ತುದಿ ಯಾವುದೆಂದು ತೋರಿಸಿ, ಅಲ್ಲಿಂದ ಬಿಚ್ಚುವುದನ್ನು ಅವರಿಂದ ಹತ್ತು ಸಲ ಮಾಡಿಸಿದ್ದೆ. ಆ ರಾತ್ರಿ ಅವರ ಕೈ ನಡುಗಲಿಲ್ಲ. ನೀವೂ ಇದನ್ನು ಮಾಡಿಸಿ. ಹಗ್ಗ ಒದ್ದೆಯಾಗಿದ್ದರೆ ಇನ್ನೂ ಒಳ್ಳೆಯದು, ಹಾವಿನ ಹಿಡಿತಕ್ಕೆ ಅದು ಹತ್ತಿರ.

ಎರಡನೇ ವ್ಯಕ್ತಿಯ ಮಾತು ಇಲ್ಲಿಗೇ ಮುಗಿಯುವುದಿಲ್ಲ. ಬೋವಾ 20ರಿಂದ 30 ವರ್ಷ ಬದುಕುತ್ತದೆ. ನಮ್ಮ ಜಿಲ್ಲೆಯ ಹುಡುಗರು ಓದಿಗೋ ಕೆಲಸಕ್ಕೋ ಬೆಂಗಳೂರಿಗೆ, ಪುಣೆಗೆ, ಗೋವಾಕ್ಕೆ ಹೋಗುವವರೇ. ಊರಿನ ಮನೆಯಲ್ಲಿ ಉಳಿಯುವುದು ಅಪ್ಪ, ಅಮ್ಮ ಮತ್ತು ಏಳಡಿಯ ಒಂದು ಹಾವು. ನೀವು ಹೋದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು ಎಂಬುದಕ್ಕೆ ಹೆಸರು ಹಿಡಿದು ಉತ್ತರ ಹೇಳಲು ಬಾರದಿದ್ದರೆ ಈ ವರ್ಷ ಬೇಡ. ಇದನ್ನು ಬೇಸರದಿಂದ ಹೇಳುತ್ತಿಲ್ಲ. ಕಾದು ತಂದವರ ಹಾವುಗಳೇ ಚೆನ್ನಾಗಿ ಬದುಕಿದ್ದನ್ನು ನೋಡಿದ್ದೇನೆ.

ನಿಮ್ಮ ಅನುಭವ ಸಾಕೇ ಎಂದು ಅಳೆಯಲು ವರ್ಷ ಎಣಿಸುವುದಕ್ಕಿಂತ ಮಳೆಗಾಲ ಎಣಿಸುವುದು ಮೇಲು. ಮೊದಲ ಹಾವಿನೊಂದಿಗೆ ಎರಡು ಮಳೆಗಾಲ ಕಳೆದಿರಬೇಕು. ಹಾವು ತಿಂಗಳುಗಟ್ಟಲೆ ಊಟ ಬಿಟ್ಟಾಗ ಗಾಬರಿಯಾಗದೆ ತೂಕ ನೋಡುತ್ತ ಕಾದಿರಬೇಕು. ತುಂಡು ತುಂಡಾಗಿ ಬಿದ್ದ ಪೊರೆಯನ್ನು ನೋಡಿ ತೇವಾಂಶ ತಿದ್ದಿರಬೇಕು. ಊಟ, ಪೊರೆ, ಮಲ, ತೂಕ ಇವುಗಳ ದಿನಾಂಕ ಬರೆದಿಟ್ಟ ಪುಸ್ತಕವಿದ್ದರೆ ಅದನ್ನೊಮ್ಮೆ ತಿರುವಿ ಹಾಕಿ. ಬರೆಯುವುದನ್ನು ಮೂರನೇ ತಿಂಗಳಿಗೇ ನಿಲ್ಲಿಸಿದ್ದರೆ ನಿಮಗೇ ಉತ್ತರ ಸಿಗುತ್ತದೆ.

ಎರಡನೆಯದು: ಯಾವುದನ್ನು ಸಾಕಲೇಬಾರದು

ನಮ್ಮ ಗದ್ದೆ ಬಯಲಿನಲ್ಲಿ, ಕೋಳಿಗೂಡಿನಲ್ಲಿ ಸಿಗುವ ಹೆಬ್ಬಾವನ್ನು ಹಿಡಿದು ಸಾಕುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಅದಿದೆ. ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಮರಿಯಾಗಿದ್ದಾಗ ಸಿಕ್ಕಿತು, ಗಾಯವಾಗಿತ್ತು ಎಂಬ ಕಾರಣಗಳು ನಡೆಯುವುದಿಲ್ಲ, ಅರಣ್ಯ ಇಲಾಖೆಗೆ ತಿಳಿಸಬೇಕು. ಕೇರೆ, ಮಣ್ಣುಮುಕ್ಕ, ಹಸಿರು ಹಾವು, ಯಾವ ದೇಶೀ ಹಾವನ್ನೂ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ.

ಹಲವರು ಎಡವುವುದು ಮುಂದಿನ ಎರಡರಲ್ಲಿ. ಹಳದಿ ಬಿಳಿ ಬಣ್ಣದ, ನೋಡಲು ಬಲು ಚೆಂದದ ಅಲ್ಬಿನೊ ಹೆಬ್ಬಾವಿನ ಮರಿಗಳನ್ನು ಮೊಬೈಲ್‌ನಲ್ಲಿ ಫೋಟೊ ತೋರಿಸಿ ಮಾರುತ್ತಾರೆ. ಅದು ಬರ್ಮಾ ಹೆಬ್ಬಾವು. ಈಶಾನ್ಯ ಭಾರತದ ಕಾಡಿನಲ್ಲೂ ಅದಿದೆ, ಆದ್ದರಿಂದ ಅದೂ ನಮ್ಮ ರಕ್ಷಿತ ಪ್ರಾಣಿ. ಬಣ್ಣ ಬೇರೆಯಾದರೆ ಜಾತಿ ಬೇರೆಯಾಗುವುದಿಲ್ಲ. ರೆಟಿಕ್ಯುಲೇಟೆಡ್ ಹೆಬ್ಬಾವು ನಿಕೋಬಾರ್‌ನಲ್ಲಿದೆ, ಅದಕ್ಕೂ ಇದೇ ಮಾತು. ಕಾನೂನನ್ನು ಬದಿಗಿಟ್ಟರೂ ಇವೆರಡು ಮನೆಯಲ್ಲಿ ಹಿಡಿಸುವ ಪ್ರಾಣಿಗಳಲ್ಲ. ಹದಿನೈದು ಅಡಿಗೆ ಬೆಳೆದ ಹಾವನ್ನು ಒಬ್ಬಿಬ್ಬರು ಹಿಡಿದು ನಿಲ್ಲಿಸಲಾರರು.

ವಿದೇಶಿ ತಳಿಗಳಲ್ಲಿ ಬೋವಾ, ಪೈಥಾನ್ ಜಾತಿಗಳೆಲ್ಲ ಸೈಟ್ಸ್ ಎಂಬ, ವನ್ಯಜೀವಿ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕಾಯ್ದೆಯಂತೆ ಇಂಥ ಪ್ರಾಣಿಗಳು ನಾಲ್ಕನೇ ಅನುಸೂಚಿಗೆ ಸೇರಿವೆ. 2024ರ ಫೆಬ್ರವರಿಯಲ್ಲಿ ಹೊರಬಂದ ನಿಯಮಗಳ ಪ್ರಕಾರ ಪ್ರಾಣಿ ಕೈಗೆ ಬಂದ 30 ದಿನಗಳೊಳಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಣಿಗೆ ಅರ್ಜಿ ಹಾಕಬೇಕು. ಅದು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಹೋಗುತ್ತದೆ. ಹಾವು ಸತ್ತರೂ, ಮರಿ ಹಾಕಿದರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ಮಾರುವವರ ಹೆಸರಿನಲ್ಲಿರುವ ಕಾಗದವನ್ನು ಹಣ ಕೊಡುವ ಮೊದಲೇ ಕೇಳಿ. ‘ಕಾಗದ ಆಮೇಲೆ ಕಳಿಸುತ್ತೇವೆ’ ಎಂದರೆ ಅಲ್ಲಿಂದ ಎದ್ದು ಬನ್ನಿ.

ಮೂರನೆಯದು: ಊರಿಗೆ ತಕ್ಕ ಹಾವು

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಹೊರದೇಶದವರು ಬರೆದ ಸಲಹೆಗಳಲ್ಲಿ ತೇವಾಂಶ ಹೇಗೆ ಹೆಚ್ಚಿಸುವುದು ಎಂದೇ ಇರುತ್ತದೆ. ನಮಗೆ ಬೇಕಾದದ್ದು ಅದನ್ನು ಇಳಿಸುವ ದಾರಿ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬಟ್ಟೆ ಒಣಗುವುದಿಲ್ಲ, ಉಪ್ಪಿನ ಡಬ್ಬಿಯಲ್ಲಿ ನೀರು ಒಸರುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಅದೇ ಗಾಳಿ ಹಾವಿನ ಪೆಟ್ಟಿಗೆಯಲ್ಲೂ ಇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮನೆಯೊಳಗೇ 32, 33 ಡಿಗ್ರಿ. ಘಟ್ಟ ಹತ್ತಿ ಶಿರಸಿಗೆ ಹೋದರೆ ಬೇಸಿಗೆ ಹಗುರ, ಆದರೆ ಪುಷ್ಯ ಮಾಸದ ರಾತ್ರಿಗಳಲ್ಲಿ 15 ಡಿಗ್ರಿಗಿಂತ ಕೆಳಗೂ ಇಳಿಯುವುದುಂಟು.

ಕರಾವಳಿಯ ಮನೆಗೆ ನನ್ನ ಮೊದಲ ಆಯ್ಕೆ ಮಧ್ಯ ಅಮೆರಿಕದ ಬೋವಾ ಇಂಪರೇಟರ್, ಅದರಲ್ಲೂ ಗಂಡು. ಗಂಡು ಸಾಮಾನ್ಯವಾಗಿ ಐದಾರು ಅಡಿಗೆ ನಿಲ್ಲುತ್ತದೆ, ಹೆಣ್ಣು ಏಳೆಂಟು ಅಡಿಯವರೆಗೆ ಹೋಗುತ್ತದೆ. ಬಿಸಿ ಮೂಲೆಯಲ್ಲಿ 31ರಿಂದ 33, ತಂಪು ಮೂಲೆಯಲ್ಲಿ 25ರಿಂದ 27 ಡಿಗ್ರಿ, ಶೇಕಡಾ 55ರಿಂದ 70 ತೇವಾಂಶ ಅದಕ್ಕೆ ಹಿತ. ನಮ್ಮ ಕರಾವಳಿಯ ಹವೆಗೆ ಇದಕ್ಕಿಂತ ಹೊಂದುವ ದೊಡ್ಡ ಹಾವು ನನಗೆ ಕಂಡಿಲ್ಲ. ನಡೆಯೂ ನಿಧಾನ, ತೋಳಿನ ಮೇಲೆ ಭಾರ ಬಿಟ್ಟು ಕೂರುತ್ತದೆ. ದಕ್ಷಿಣ ಅಮೆರಿಕದ ಕೆಂಬಾಲದ ಬೋವಾ ಇನ್ನೂ ದೊಡ್ಡದು. ಹೆಣ್ಣು ಹತ್ತು ಕಿಲೋ ದಾಟಬಹುದು, ಜೀರ್ಣಶಕ್ತಿಯೂ ಸೂಕ್ಷ್ಮ. ಎರಡನೇ ಹಾವಾಗಿ ಅದು ಬೇಡ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ಬ್ರೆಜಿಲ್‌ನ ರೇನ್‌ಬೋ ಬೋವಾ ಹೇಳುತ್ತೇನೆ. ಐದಾರು ಅಡಿ ಬೆಳೆಯುತ್ತದೆ. ಕೆಂಪು ಮೈಯ ಮೇಲೆ ಬೆಳಕು ಬಿದ್ದಾಗ ನೀಲಿ, ಹಸಿರು ಹೊಳಪು ಹಾಯುತ್ತದೆ, ಎಣ್ಣೆ ಬಿದ್ದ ಮಳೆನೀರಿನ ಹಾಗೆ. ಅದಕ್ಕೆ ಶೇಕಡಾ 75ರ ಮೇಲೆ ತೇವಾಂಶ ಬೇಕು, 30 ಡಿಗ್ರಿಗಿಂತ ಹೆಚ್ಚಿನ ಬಿಸಿ ಅದಕ್ಕೆ ಆಗುವುದಿಲ್ಲ. ಮಲೆನಾಡಿನ ಮನೆಯಲ್ಲಿ ಇವೆರಡೂ ಸುಲಭ. ಕಾರವಾರ, ಅಂಕೋಲಾ, ಹೊನ್ನಾವರದ ಮೇ ತಿಂಗಳಲ್ಲಿ ಹವಾನಿಯಂತ್ರಕ ಇಲ್ಲದ ಕೋಣೆಯಲ್ಲಿ ಅದು ಬಳಲುತ್ತದೆ.

ಆಸ್ಟ್ರೇಲಿಯಾ, ನ್ಯೂಗಿನಿಯ ಕಾರ್ಪೆಟ್ ಪೈಥಾನ್ ಆರರಿಂದ ಎಂಟು ಅಡಿಯ ಚುರುಕು ಹಾವು, ಕೊಂಬೆ ಹತ್ತುವುದನ್ನು ನೋಡುವುದೇ ಒಂದು ಸೊಗಸು. ಮರಿಯಲ್ಲಿ ಕಚ್ಚುವ ಸ್ವಭಾವ ಹೆಚ್ಚು, ಬೆಳೆದಂತೆ ತಣ್ಣಗಾಗುತ್ತದೆ. ನಿಂತ ತೇವ ಅದಕ್ಕೆ ಶತ್ರು, ಪೆಟ್ಟಿಗೆಯಲ್ಲಿ ಗಾಳಿ ಆಡುತ್ತಿರಬೇಕು.

ನಾಲ್ಕನೆಯದು: ಪೆಟ್ಟಿಗೆ ಮೊದಲು, ಹಾವು ಆಮೇಲೆ

ಮರಿಗೆ ಚಿಕ್ಕ ಡಬ್ಬಿ ಸಾಕು ಎಂಬುದು ನಿಜ, ಆದರೂ ದೊಡ್ಡ ಪೆಟ್ಟಿಗೆ ಇಡುವ ಜಾಗ, ಅದರ ಹಣ ಇವೆರಡು ಇಂದೇ ಕೈಯಲ್ಲಿರಬೇಕು. ಬೋವಾ ಮೂರು ನಾಲ್ಕು ವರ್ಷದಲ್ಲಿ ಬಹುಪಾಲು ಬೆಳೆದುಬಿಡುತ್ತದೆ. ಆರಡಿ ಹಾವಿಗೆ ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ ಕನಿಷ್ಠ. ಮೈ ನೀಳವಾಗಿ ಚಾಚಲು ಆಗಬೇಕು ಎನ್ನುವುದೇ ಅಳತೆ.

ಪ್ಲೈವುಡ್ ನಮ್ಮಲ್ಲಿ ಎರಡು ಮಳೆಗಾಲ ಬಾಳುವುದಿಲ್ಲ, ಉಬ್ಬುತ್ತದೆ ಅಥವಾ ಗೆದ್ದಲು ಹಿಡಿಯುತ್ತದೆ. ಪಿವಿಸಿ ಹಲಗೆಯಲ್ಲಿ ಮಾಡಿಸಿ. ಸಮುದ್ರದ ಹತ್ತಿರದ ಮನೆಯಾದರೆ ಉಪ್ಪುಗಾಳಿಗೆ ಕಬ್ಬಿಣದ ಬಿಜಾಗರಿ, ಚಿಲಕ ಆರು ತಿಂಗಳಲ್ಲಿ ತುಕ್ಕು ಹಿಡಿಯುತ್ತವೆ. ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಿ. ಜಾರುವ ಗಾಜಿಗೆ ಬೀಗ ಇರಲೇಬೇಕು, ದೊಡ್ಡ ಹಾವಿನ ಮೂತಿಗೆ ಗಾಜು ಸರಿಸುವ ಬಲವಿದೆ. ಹೊರಗೋಡೆ ಮಳೆಗೆ ತೇವ ಎಳೆಯುತ್ತದೆ, ಪೆಟ್ಟಿಗೆಯನ್ನು ಒಳಗೋಡೆಗೆ, ನಾಲ್ಕು ಬೆರಳು ಬಿಟ್ಟು ಇಡಿ.

ಇರುವೆಯ ವಿಷಯವನ್ನು ಯಾರೂ ಹೇಳುವುದಿಲ್ಲ. ಮೊದಲ ಮಳೆಗೆ ಕೆಂಪಿರುವೆ ಮನೆಯೊಳಗೆ ಬರುತ್ತದೆ. ಪೊರೆ ಬಿಡುವ ಹೊತ್ತಿನಲ್ಲಿ ಕಣ್ಣು ಮಂಜಾಗಿ ಮುದುಡಿ ಕೂತ ಹಾವಿಗೆ ಅವು ಮುತ್ತಿದರೆ ತಪ್ಪಿಸಿಕೊಳ್ಳಲು ಪೆಟ್ಟಿಗೆಯಲ್ಲಿ ಜಾಗವಿಲ್ಲ. ಅಮ್ಮ ಹಾಲಿನ ಕಪಾಟಿಗೆ ಮಾಡುತ್ತಿದ್ದಂತೆ ಸ್ಟ್ಯಾಂಡಿನ ನಾಲ್ಕು ಕಾಲುಗಳನ್ನೂ ನೀರು ತುಂಬಿದ ತಟ್ಟೆಯಲ್ಲಿ ಇಟ್ಟಿದ್ದೇನೆ. ನೀರನ್ನು ವಾರಕ್ಕೆರಡು ಸಲ ಚೆಲ್ಲಬೇಕು, ಇಲ್ಲದಿದ್ದರೆ ಸೊಳ್ಳೆ. ಪೆಟ್ಟಿಗೆಯ ಹತ್ತಿರ ಇರುವೆ ಪುಡಿ, ಕೀಟನಾಶಕ ಸಿಂಪಡಣೆ ಬೇಡ.

ಹಾವು ಅಡಗಲು ಅಡಿಕೆ ಹಾಳೆ ಚೆನ್ನ ಎನಿಸುತ್ತದೆ, ಬೇಸಿಗೆಯಲ್ಲಿ ನಾನೂ ಬಳಸುತ್ತೇನೆ. ಮಳೆಗಾಲದಲ್ಲಿ ನಾಲ್ಕೇ ದಿನಕ್ಕೆ ಬೂಷ್ಟು. ಆಗ ಮಣ್ಣಿನ ಮಡಕೆಯನ್ನು ಅರ್ಧ ಒಡೆದು, ಅಂಚು ಉಜ್ಜಿ ಮಗುಚಿ ಹಾಕಿ. ನೆಲಕ್ಕೆ ತೆಂಗಿನ ನಾರಿನ ಪುಡಿ ಅಕ್ಟೋಬರ್‌ನಿಂದ ಮೇವರೆಗೆ, ಜೂನ್ ಬಂದೊಡನೆ ಹಳೆಯ ಪತ್ರಿಕೆ. ಪತ್ರಿಕೆ ಚೆಂದ ಕಾಣುವುದಿಲ್ಲ, ಆದರೆ ಒದ್ದೆಯಾದದ್ದು ಕೂಡಲೇ ಕಣ್ಣಿಗೆ ಬೀಳುತ್ತದೆ.

ಬಿಸಿಗೆ ಸೆರಾಮಿಕ್ ಹೀಟರ್, ಅದಕ್ಕೆ ಜಾಲರಿ, ಜೊತೆಗೆ ಬಿಸಿ ಮಿತಿ ಮೀರದಂತೆ ತಡೆಯುವ ಥರ್ಮೋಸ್ಟಾಟ್. ಥರ್ಮೋಸ್ಟಾಟ್ ಇಲ್ಲದೆ ಹೀಟರ್ ಹಾಕಲೇಬೇಡಿ. ಹಾವು ಸುಟ್ಟುಕೊಳ್ಳುತ್ತಿದ್ದರೂ ಬಿಸಿಯ ಮೂಲದಿಂದ ಸರಿಯದೇ ಇರುವುದುಂಟು. ಮಳೆಗಾಲದಲ್ಲಿ ತೇವ ಇಳಿಸುವ ಸಾಧನವೂ ಈ ಹೀಟರೇ. ಹೊರಗಿನ 25 ಡಿಗ್ರಿಯ, ಶೇಕಡಾ 95 ತೇವ ತುಂಬಿದ ಗಾಳಿಯನ್ನು 31 ಡಿಗ್ರಿಗೆ ಕಾಯಿಸಿದರೆ ತೇವಾಂಶ ಶೇಕಡಾ 70ರ ಆಸುಪಾಸಿಗೆ ಇಳಿಯುತ್ತದೆ. ಮಳೆಗಾಲ ಬಂತು, ಹವೆ ತಂಪಾಯಿತು, ಗಾಳಿಕಿಂಡಿ ಮುಚ್ಚೋಣ ಎಂದು ಹೊರಟವರ ಹಾವುಗಳಿಗೇ ಶ್ವಾಸಕೋಶದ ಸೋಂಕು ಬರುತ್ತದೆ. ಹೀಟರ್ ನಡೆಯಲಿ, ಕಿಂಡಿ ತೆರೆದಿರಲಿ.

ಗಾಳಿಮಳೆಗೆ ಮರ ಬಿದ್ದು ಎರಡು ದಿನ ವಿದ್ಯುತ್ ಇಲ್ಲದಿರುವುದು ನಮ್ಮಲ್ಲಿ ಹೊಸತಲ್ಲ. 100 ವ್ಯಾಟ್ ಹೀಟರ್ ಒಂದನ್ನೇ ಹಾಕಿದರೆ 150 ಎಎಚ್ ಬ್ಯಾಟರಿಯ ಇನ್ವರ್ಟರ್ ಒಂದು ರಾತ್ರಿ ಕಳೆಯುತ್ತದೆ. ಅದೂ ಮುಗಿದರೆ ಬಿಸಿನೀರು ತುಂಬಿ ಟವೆಲ್ ಸುತ್ತಿದ ಬಾಟಲಿಗಳು.

ಪೆಟ್ಟಿಗೆಯನ್ನು ಮೇ ಕೊನೆಗೆ ಮಾಡಿಸಿ, ಇಡೀ ಮಳೆಗಾಲ ಖಾಲಿಯಾಗಿಯೇ ನಡೆಸಿ. ದಿನಕ್ಕೆ ಎರಡು ಹೊತ್ತು ಬಿಸಿ ಮೂಲೆ, ತಂಪು ಮೂಲೆ, ತೇವಾಂಶ ಬರೆದಿಡಿ. ಒಂದು ರಾತ್ರಿ ಬೇಕೆಂದೇ ಸ್ವಿಚ್ ಆರಿಸಿ, ಗಂಟೆಗೊಮ್ಮೆ ಎಷ್ಟು ಇಳಿಯುತ್ತದೆ ನೋಡಿ. ಚೌತಿ, ದಸರಾ ಮುಗಿದ ಮೇಲೆ, ಅಂಕಿಗಳು ನಿಮಗೆ ಧೈರ್ಯ ಕೊಟ್ಟರೆ, ಅಕ್ಟೋಬರ್‌ನಲ್ಲಿ ಹಾವು ತನ್ನಿ.

ಐದನೆಯದು: ಊಟ, ಮತ್ತು ಮನೆಯವರು

ಬೆಳೆದ ಬೋವಾಗೆ ಎರಡರಿಂದ ನಾಲ್ಕು ವಾರಕ್ಕೆ ಒಂದು ಇಲಿ ಸಾಕು. ಇಲಿಯ ದಪ್ಪ ಹಾವಿನ ಮೈಯ ದಪ್ಪ ಮೀರಬಾರದು. ಹಾವಿಗೆ ಕೊಬ್ಬು ಬಂದರೆ ಹೊರಗೆ ಗೊತ್ತಾಗುವ ಹೊತ್ತಿಗೆ ಯಕೃತ್ತು ಕೆಟ್ಟಿರಬಹುದು, ಆದ್ದರಿಂದ ‘ಇನ್ನೂ ಹಸಿದಂತಿದೆ’ ಎಂಬ ಕನಿಕರ ಬೇಡ. ಜೀವಂತ ಇಲಿ ಹಾವಿನ ಕಣ್ಣು, ಬೆನ್ನು ಕಚ್ಚಿ ಹಾಳು ಮಾಡುತ್ತದೆ. ಹೆಪ್ಪುಗಟ್ಟಿದ್ದನ್ನು ಕರಗಿಸಿ ಉದ್ದ ಇಕ್ಕಳದಲ್ಲೇ ಕೊಡಿ. ಮನೆಯಲ್ಲಿ, ತೋಟದಲ್ಲಿ ಬಿದ್ದ ಇಲಿಯನ್ನು ಎಂದೂ ಹಾಕಬೇಡಿ, ಅದು ಪಾಷಾಣ ತಿಂದಿರಬಹುದು.

ನಮ್ಮ ಹವ್ಯಕ ಮನೆಗಳಲ್ಲಿ, ಹಾಗೆಯೇ ಬೇರೆ ಸಸ್ಯಾಹಾರಿ ಮನೆಗಳಲ್ಲಿ ದೊಡ್ಡ ಪ್ರಶ್ನೆ ಫ್ರೀಜರ್. ಸುಂಡಿಲಿಯ ಪೊಟ್ಟಣವನ್ನು ಹೇಗೋ ಮರೆಯಲ್ಲಿಟ್ಟು ನಡೆಸಿದವರೂ ಕಾಲು ಕಿಲೋ ತೂಗುವ ಇಲಿಗಳನ್ನು ಹಾಗೆ ಇಡಲಾರರು. ಇಡಲೂಬಾರದು. ದೇವರ ನೈವೇದ್ಯದ ಹಾಲು ಇರುವ ಫ್ರಿಜ್‌ಗೆ ಕದ್ದು ತುಂಬುವುದು ಅಮ್ಮನಿಗೆ ಮಾಡುವ ಮೋಸ. ನಾನು ಚಿಕ್ಕ ಫ್ರೀಜರ್ ಕೊಂಡು ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿಟ್ಟೆ, ಅದರ ಪಾತ್ರೆ, ಇಕ್ಕಳ, ಬಟ್ಟೆ ಎಲ್ಲ ಬೇರೆ. ಅಮ್ಮ ಆ ಕೋಣೆಗೆ ಬರುವುದಿಲ್ಲ, ಆದರೆ ‘ಇವತ್ತು ಉಂಡಿತೋ ಇಲ್ಲವೋ’ ಎಂದು ಕೇಳದೆ ಮಲಗುವುದೂ ಇಲ್ಲ.

ನೆರೆಯವರಿಗೂ ಮೊದಲೇ ಹೇಳಿ. ನಾಗರ ಪಂಚಮಿಯ ದಿನ ಭಕ್ತಿಯಿಂದ ಹಾಲು ತಂದವರಿದ್ದಾರೆ. ಹಾಲು ಹಾವಿಗೆ ದಕ್ಕುವುದಿಲ್ಲ ಎಂದು ಕೈಮುಗಿದು ತಿಳಿಸಿ, ನಾಗಬನದ ಕಲ್ಲಿಗೆ ಎರೆಯಿರಿ ಎಂದೆ. ಯಾರೂ ಬೇಸರಿಸಲಿಲ್ಲ. ಬೋವಾ ತಪ್ಪಿಸಿಕೊಂಡ ಹೊತ್ತಿನಲ್ಲಿ ಅದರ ಬೆನ್ನಿನ ಚಿತ್ತಾರ ಜನರ ಕಣ್ಣಿಗೆ ವಿಷದ ಕೊಳಕುಮಂಡಲದಂತೆಯೇ ಕಾಣುತ್ತದೆ, ದೊಣ್ಣೆ ಬೀಳುತ್ತದೆ. ಊರಿನಲ್ಲಿ ಹಾವು ಹಿಡಿಯುವವರಿಗೆ ನಿಮ್ಮ ಹಾವಿನ ಫೋಟೊ ಕೊಟ್ಟಿಡಿ.

ಕೊನೆಯದು: ಹಾವನ್ನು ನೋಡಿ ತರುವುದು

ಖುದ್ದಾಗಿ ಹೋಗಿ ನೋಡಿ. ಕೈಯಲ್ಲಿ ಹಿಡಿದಾಗ ಮೈ ಗಟ್ಟಿಯಾಗಿ ಬಿಗಿಯಬೇಕು, ಸೋತ ಹಗ್ಗದಂತೆ ಜೋಲಬಾರದು. ಮೂಗಿನಲ್ಲಿ ನೊರೆ, ಉಸಿರಿನಲ್ಲಿ ಸೀಟಿಯಂಥ ಸದ್ದು ಇದ್ದರೆ ಸೋಂಕು. ಹೊಟ್ಟೆಯ ಹುರುಪೆಗಳಲ್ಲಿ ಕಂದು ಕಲೆ, ಬೊಕ್ಕೆ ಇದ್ದರೆ ಒದ್ದೆಯಲ್ಲಿ ಬೆಳೆದದ್ದು. ಬಿಳಿಯ ಬಟ್ಟೆಯನ್ನು ಮೈಮೇಲೆ ಮೆಲ್ಲಗೆ ಎಳೆದು ನೋಡಿ, ಕಪ್ಪು ಚುಕ್ಕೆಗಳು ಹರಿದಾಡಿದರೆ ನುಸಿ. ತಲೆ ಮೇಲಕ್ಕೆ ತಿರುಗಿಸಿ ಹಾಗೇ ಮರೆತಂತೆ ಕೂರುವ, ಮಗುಚಿ ಹಾಕಿದರೆ ನೆಟ್ಟಗಾಗಲು ಒದ್ದಾಡುವ ಬೋವಾ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ. ಬೋವಾಗಳಿಗೆ ಬರುವ, ಮದ್ದಿಲ್ಲದ ವೈರಸ್ ಕಾಯಿಲೆಯ ಲಕ್ಷಣ ಅದು. ಕರಗಿಸಿದ ಇಲಿಯನ್ನು ನಿಮ್ಮ ಕಣ್ಣೆದುರೇ ತಿನ್ನಿಸಲು ಹೇಳಿ.

ಹಾವು ನೋಡಿ ಗೊತ್ತಿರುವ ಪಶುವೈದ್ಯರು ನಮ್ಮ ಜಿಲ್ಲೆಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಅವರನ್ನು ಹುಡುಕಿ, ದೂರವಾಣಿಯಲ್ಲಿ ಮಾತಾಡಿ ಆದ ಮೇಲೆಯೇ ಹಾವಿನ ಹಣ ಕೊಡಿ.

ತಂದ ಮೇಲೆ ಮೂರು ತಿಂಗಳು ಬೇರೆ ಕೋಣೆ. ದಿನವೂ ಮೊದಲು ಹಳೆಯ ಹಾವಿನ ಕೆಲಸ ಮುಗಿಸಿ, ಆಮೇಲೆ ಹೊಸದರ ಹತ್ತಿರ ಹೋಗಿ, ಕೈ ತೊಳೆಯಿರಿ. ಮೊದಲ ವಾರ ಮುಟ್ಟಬೇಡಿ, ನೀರು ಮಾತ್ರ. ಏಳೆಂಟು ದಿನಕ್ಕೆ ಮೊದಲ ಊಟ, ಸಣ್ಣದು. ಉಂಡ ಮೇಲೆ ಎರಡು ದಿನ ಎತ್ತುವಂತಿಲ್ಲ. ಕಕ್ಕಿದರೆ ಹತ್ತು ಹದಿನಾಲ್ಕು ದಿನ ಏನೂ ಕೊಡದೆ, ಮುಂದಿನ ಸಲ ಅರ್ಧ ಗಾತ್ರದ್ದು.

ಪೆಟ್ಟಿಗೆ ತೆರೆದಾಗಲೆಲ್ಲ ಊಟವೇ ಬರುತ್ತದೆ ಎಂದು ಹಾವು ಕಲಿಯಬಾರದು. ಊಟವಿಲ್ಲದ ದಿನ ಹಾವು ಎತ್ತುವ ಕೊಕ್ಕೆಯ ಬೆನ್ನಿನಿಂದ ಅದರ ಮೈಯ ನಡುಭಾಗವನ್ನು ಮೆಲ್ಲಗೆ ಸವರಿ, ಅದು ತಲೆ ತಿರುಗಿಸಿ ನಾಲಗೆ ಆಡಿಸಿದ ಮೇಲೆ ಎತ್ತಿ. ಊಟದ ದಿನ ಸವರಬೇಡಿ. ಎರಡು ಮೂರು ತಿಂಗಳಿಗೆ ಅದಕ್ಕೆ ವ್ಯತ್ಯಾಸ ತಿಳಿಯುತ್ತದೆ. ಕುತ್ತಿಗೆಗೆ ಹೂಮಾಲೆಯ ಹಾಗೆ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುವುದನ್ನು ನಾನು ಯಾರಿಗೂ ಮಾಡಗೊಡುವುದಿಲ್ಲ, ಹಾವು ಎಷ್ಟೇ ಸಾಧುವಾಗಿರಲಿ.

ಸಾಕಲಾಗದ ದಿನ ಬಂದರೂ ಕಾಡಿಗೆ, ಕಾಳಿ ನದಿಯ ದಂಡೆಗೆ ಬಿಡುವ ಯೋಚನೆ ಬೇಡ. ಅಮೆರಿಕದ ಫ್ಲಾರಿಡಾದಲ್ಲಿ ಸಾಕುಹಾವಾಗಿ ಬಂದ ಬರ್ಮಾ ಹೆಬ್ಬಾವುಗಳು ಎವರ್‌ಗ್ಲೇಡ್ಸ್ ಜೌಗಿನ ಸಣ್ಣ ಪ್ರಾಣಿಗಳನ್ನು ಬರಿದು ಮಾಡಿವೆ. ನೋಂದಣಿ ಇರುವ ಹಾವನ್ನು ಅರಣ್ಯ ಇಲಾಖೆಗೆ ತಿಳಿಸಿ, ಸಾಕಲು ಬಲ್ಲವರ ಹೆಸರಿಗೆ ವರ್ಗಾಯಿಸಬಹುದು.

ಆ ರಾತ್ರಿಯ ನಂತರ ನಮ್ಮ ಮನೆಯಲ್ಲಿ ಪೆಟ್ಟಿಗೆಯ ಪಕ್ಕಕ್ಕೇ ಒಂದು ಬಕೆಟ್ ತಣ್ಣೀರು, ಸಾಬೂನು, ಒಣ ಟವೆಲ್ ಇರುತ್ತವೆ. ಗಾಜು ಸರಿಸುವ ಮೊದಲು ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆಯುತ್ತೇನೆ. ಅಡುಗೆ ಮನೆಯಿಂದ ಅತ್ತಿಗೆ ‘ತೊಳೆದೆಯಾ?’ ಎಂದು ಕೇಳುತ್ತಾರೆ. ‘ತೊಳೆದೆ ಅತ್ತಿಗೆ’ ಎಂದು ಉತ್ತರಿಸಿದ ಮೇಲೆಯೇ ಬೀಗ ತೆಗೆಯುತ್ತೇನೆ.